ಮೂರನೇ ಸಲಕ್ಕೆ ಅಂಜುದೀವ್ ಗೋವಾಕ್ಕೆ ಸೇರ್ತು

"ತಾಲೂಕು ನಕ್ಷೆ ಅಲ್ದನಾ ಮಾರಾಯಾ, 12 ಪಾಲಿಗನ್ ಎಳೆದು ಬಿಸಾಕು" ಅಂದಿದ್ದ ಶಿರಸಿ ದೋಸ್ತ, ನಾನು ಉತ್ತರ ಕನ್ನಡ ಜಿಲ್ಲೆಯ ತಾಲೂಕು ಗಡಿಗಳನ್ನ ಕಂಪ್ಯೂಟರ್ ನಕ್ಷೆಗೆ ಹಾಕ್ಲಿಕ್ಕೆ ಹೊರಟಾಗ. ಪಾಲಿಗನ್ ಅಂದ್ರೆ ಒಂದೊಂದು ತಾಲೂಕಿಗೆ ಒಂದೊಂದು ಮುಚ್ಚಿದ ಆಕಾರ. ನಾನೂ ಮೊದಲು ಹಂಗೇ ಮಾಡಿದ್ದು, ಅಲ್ಲೇ ಎಡವಟ್ಟಾಯ್ತು. ಅಂಕೋಲಾಕ್ಕೊಂದು ಯಲ್ಲಾಪುರಕ್ಕೊಂದು ಅಂತ ಬೇರೆ ಬೇರೆ ಎಳೆದ್ರೆ ಇದ್ದ ಒಂದು ಗಡಿ ಎರಡು ಗೆರೆ ಆಗ್ತದೆ, ಒಂದು ಸರಿ ಮಾಡಿದ್ರೆ ಇನ್ನೊಂದು ಹಳೇ ಜಾಗದಲ್ಲೇ, ಜೂಮ್ ಮಾಡಿದ್ರೆ ಮಧ್ಯ ಯಾರಿಗೂ ಸೇರದ ಸೀಳು.

ಆಮೇಲೆ ಒಬ್ಬರಿಗೆ ದುಡ್ಡು ಕೊಟ್ಟು ಮಾಡಿಸ್ದೆ, ಎಂಟೊಂಬತ್ತು ಸಾವಿರ ಹೋಯ್ತು. ಬಂದ ಫೈಲಲ್ಲಿ ಅಂಜುದೀವ್ ನಡುಗಡ್ಡೆ ಕಾರವಾರ ತಾಲೂಕಲ್ಲಿ! ಬಿಣಗಾ ಎದುರಿಗೇ ಇದೆ, ನೌಕಾನೆಲೆಯ ಬ್ರೇಕ್‌ವಾಟರ್ (ಅಲೆ ತಡೆಯೋ ಕಟ್ಟೆ) ಹಾಕಿ ನೆಲಕ್ಕೂ ಸೇರಿಸಿದ್ದಾರೆ, ಅನಿಸೋದು ಹಂಗೇ ಬಿಡಿ. ಆದ್ರೆ 1961ರ ಡಿಸೆಂಬರ್ ತನಕ ಅದು ಪೋರ್ಚುಗೀಸರ ಕೈಲಿತ್ತು, ಈಗ್ಲೂ ಗೋವಾದ್ದೇ, ಕಾಣಕೋಣ ತಾಲೂಕಿನ ಲೆಕ್ಕ.

ಮೂರನೇ ಸಲ ಪಾಲಿಗನ್ ಬಿಟ್ಟು ಗೆರೆಯಿಂದ ಶುರು ಮಾಡ್ದೆ. ಗೆರೆ ಒಂದೇ ಸಲ ಎಳೆಯೋದು, ಉಳಿದದ್ದೆಲ್ಲ ರಿಲೇಷನ್ (ಯಾವ್ಯಾವ ಗೆರೆ ಸೇರಿ ಯಾವ ಪ್ರದೇಶ ಅನ್ನೋ ಪಟ್ಟಿ), ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡೋ ನಕ್ಷೆ) ರೀತಿ. ಆಡಳಿತದ ಲೆವೆಲ್: ರಾಜ್ಯ 4, ಜಿಲ್ಲೆ 5, ತಾಲೂಕು 6. ಗೋವಾ ಗಡಿಯ ಮಾಜಾಳಿ ಹತ್ರದ ಒಂದೇ ಗೆರೆ ಆರು ರಿಲೇಷನ್ನಿಗೆ ಸೇರ್ತದೆ, ಈಚೆ ಮೂರು ಆಚೆ ಮೂರು. ಕೂರ್ಮಗಡ, ದೇವಗಡ ನಡುಗಡ್ಡೆಗಳು ಒಳಗೆ ಬರ್ಲಿ ಅಂತ ಕಾರವಾರದ ಗೆರೆ ಸಮುದ್ರದಲ್ಲಿ ಎಳೆದಿದ್ದೆ, ಅಂಜುದೀವೂ ಒಳಗೇ ಬಿತ್ತು. ಹಂಗಾಗಿ ನಡುಗಡ್ಡೆಯ ಸುತ್ತಿನ ರಿಂಗ್ ನಮ್ಮ ಮೂರಕ್ಕೂ ಇನ್ನರ್ (ಒಳಗಿನ ತೂತು), ಗೋವಾದ ಮೂರಕ್ಕೂ ಎರಡನೇ ಔಟರ್ (ಹೊರಗಡಿ). ನಕ್ಷೆ ತಿದ್ದೋ ಜೋಸಮ್ (JOSM) ತಂತ್ರಾಂಶದಲ್ಲಿ ರಿಂಗ್ ಮುಚ್ಚಿಲ್ಲ ಅಂತ ಎರಡು ವಾರ ಬೈಸ್ಕೊಂಡೆ, ಕಾರಣ ಕರಾವಳಿ ಗೆರೆ ಬ್ರೇಕ್‌ವಾಟರ್ ಮೇಲೆ ಹತ್ತಿ ನಡುಗಡ್ಡೆ ಸುತ್ತಿ ಬರ್ತಿತ್ತು. ಎಲ್ಲಿ ಕತ್ತರಿಸ್ದೆ ಅಂತ ಮಾತ್ರ ಕೇಳ್ಬೇಡಿ, ಅದು ನನ್ನ ಗುಟ್ಟು.

ಹೊಳೆಯನ್ನೇ ಗಡಿ ಮಾಡ್ಕೊಂಡಿದ್ದು ನನ್ನದೇ ತಪ್ಪು. ಗಂಗಾವಳಿಯ ಆಚೆ ಮಂಜುಗುಣಿ ಅಂಕೋಲಾ, ಈಚೆ ದಂಡೆ ಕುಮಟಾ. ಅಳಿವೆ ಹತ್ರ ಹೊಸ ಉಪಗ್ರಹ ಇಮೇಜಿಗೆ ಹೊಳೆ ಸರಿಸ್ದೆ, ಗಡಿನೂ ಸರ್ಕೊಂಡು ಹೋಯ್ತು. ಈಗ ಎರಡೂ ಬೇರೆ ಬೇರೆ ಗೆರೆ.

ಜೋಯಿಡಾ ಇನ್ನೊಂದು ಕತೆ. 2011ರ ಜನಗಣತಿಯಲ್ಲಿ ತಾಲೂಕು 11 (ದಾಂಡೇಲಿ ಆಮೇಲೆ ಹಳಿಯಾಳದಿಂದ ಬೇರೆ ಆದದ್ದು), ಅದರಲ್ಲಿ ಜೋಯಿಡಾ ಇಲ್ಲ, ಅದೇ ತಾಲೂಕು ಸೂಪಾ ಅಂತ ಇದೆ. ಜನಗಣತಿ ಅಂಕಿಗಳನ್ನ ನಕ್ಷೆಗೆ ಹೆಸರಿನ ಮೇಲೆ ಜೋಡಿಸ್ದೆ, ಅಷ್ಟೂ ಕಾಡು ಖಾಲಿ ಬಂತು. ಹಳೇ ಸೂಪಾ ಊರು ಡ್ಯಾಮಿನ ನೀರೊಳಗೆ ಹೋಗಿ ಎಷ್ಟು ಕಾಲ ಆಯ್ತು, ಹೆಸರು ಮಾತ್ರ ಕಡತದಲ್ಲಿ ತೇಲ್ತಾ ಇದೆ. ಹೆಸರು ಬಿಟ್ಟು ಜನಗಣತಿ ಕೋಡ್ ಹಿಡಿದೆ.

ಸುಮ್ನೆ ಹುಚ್ಚಿಗೆ ಗೆರೆಗಳಿಗೆ ಇಸವಿನೂ ಹಾಕ್ದೆ. ಮಾಜಾಳಿ ಗೆರೆ 1961ರ ತನಕ ಲೆವೆಲ್ 2, ದೇಶದ ಗಡಿ! ಆಮೇಲೆ ಆಚೆಯ ಗೋವಾ ಕೇಂದ್ರಾಡಳಿತ, 1987ರಿಂದ ರಾಜ್ಯ. ಗೆರೆ ಒಂದಿಂಚೂ ಅಲ್ಲಾಡ್ಲಿಲ್ಲ, ರಿಲೇಷನ್ನೇ ಬದಲಾಗಿದ್ದು. 1956ಕ್ಕೆ ಇಸವಿಯ ಸ್ಲೈಡರ್ ಎಳೆದ್ರೆ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಜಿಗೀತದೆ, ಮನೇಲಿ ಎಲ್ಲರಿಗೂ ತೋರಿಸಿ ತೋರಿಸಿ ಬೇಜಾರು ಹಿಡಿಸಿದ್ದೇನೆ. ಮಹಾರಾಷ್ಟ್ರದವರು ತಮ್ಮದು ಅನ್ನೋ ಭಾಗ ಬೇರೆ ರಿಲೇಷನ್, ಅದಕ್ಕೆ ಲೆವೆಲ್ಲೇ ಕೊಟ್ಟಿಲ್ಲ, ಆಡಳಿತ ಯಾರದ್ದೋ ಗೆರೆ ಅವರದ್ದು.

ಮೊನ್ನೆ ಶಿರಸಿ ದೋಸ್ತ ಫೋನ್ ಮಾಡ್ದ, ಶಿರಸಿ–ಸಿದ್ದಾಪುರ ಗೆರೆ ನಿಂದೇ ಕೊಡು ಅಂತ. ಆ ಎಂಟೊಂಬತ್ತು ಸಾವಿರದಲ್ಲಿ ಅರ್ಧ ನೀ ಕೊಡು ಅಂದೆ. ಸಿಗ್ನಲ್ ಇಲ್ಲ ಅಂದು ಫೋನಿಟ್ಟ.