ಬಿಸಿಲೂರಿನಲ್ಲಿ ಅನಿಲೀನ್ ಜೊತೆ ಕೆಲಸ: ನನ್ನ ಅನುಭವ

ಬಣ್ಣ ತಯಾರಿಕೆಗೆ ಬಳಸುವ ಅನಿಲೀನ್ ಎಂಬ ದ್ರವ ರಾಸಾಯನಿಕದ ಡ್ರಮ್ ಬಂದಿಳಿದ ಕೂಡಲೇ ನಾನು ಮೊದಲು ನೋಡುವುದು ಬಣ್ಣ. ಹೊಸದಾಗಿ ಬಟ್ಟಿ ಇಳಿಸಿದ ಅನಿಲೀನ್‌ಗೆ ಬಣ್ಣವೇ ಇರುವುದಿಲ್ಲ, ತೆಳು ಎಣ್ಣೆಯ ಹಾಗಿರುತ್ತದೆ. ಗಾಳಿ ಬೆಳಕು ತಾಕಿದಂತೆಲ್ಲ ಹಳದಿಗೆ ತಿರುಗಿ ಕಡೆಗೆ ಕಂದಾಗುತ್ತದೆ. ತಿಳಿ ಹಳದಿಯಾದರೆ ಬಳಸುತ್ತೇನೆ. ಕಡು ಕಂದಾಗಿದ್ದರೆ ಚೂರು ಸತುವಿನ ಪುಡಿ ಸೇರಿಸಿ ಮತ್ತೆ ಬಟ್ಟಿ ಇಳಿಸಿಯೇ ಬ್ಯಾಚಿಗೆ ಹಾಕುವುದು. ಅದು ಕುದಿಯುವುದು 184 ಡಿಗ್ರಿಗೆ, ಹಾಗಾಗಿ ವ್ಯಾಕ್ಯೂಮ್ ಕೊಟ್ಟು ಕಡಿಮೆ ಶಾಖದಲ್ಲಿ ಇಳಿಸಿದರೆ ಮಾಲು ಕೆಡುವುದಿಲ್ಲ.

ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರಲ್ಲಿ ನಾನು ಶಿಫ್ಟ್ ಕೆಮಿಸ್ಟ್. ಅಜೋ ಬಣ್ಣಗಳು, ಅಂದರೆ ಅನಿಲೀನ್‌ನಂಥವುಗಳಿಂದ ಮಾಡುವ ಕೃತಕ ಬಣ್ಣಗಳು, ನಮ್ಮ ಕೆಲಸ. ಜಗತ್ತಿನಲ್ಲಿ ತಯಾರಾಗುವ ಅನಿಲೀನ್‌ನ ಬಹುಪಾಲು ಈಗ ಬಣ್ಣಕ್ಕೆ ಹೋಗುವುದಿಲ್ಲ. ಎಂಡಿಐ ಎಂಬ ರಾಸಾಯನಿಕವಾಗಿ, ಅದರಿಂದ ಪಾಲಿಯುರೆಥೇನ್ ಆಗಿ, ನಮ್ಮ ಮನೆಯ ಫ್ರಿಜ್ಜಿನ ಗೋಡೆಯೊಳಗಿನ ಗಟ್ಟಿ ಫೋಮ್ ಆಗುತ್ತದೆ. ಟೈರಿನ ರಬ್ಬರಿಗೆ ಬೇಕಾದ ರಾಸಾಯನಿಕಗಳು, ಸಲ್ಫಾ ಔಷಧಿಗಳು, ಜೀನ್ಸ್ ಬಟ್ಟೆಯ ನೀಲಿ (ಇಂಡಿಗೊ), ಎಲ್ಲಕ್ಕೂ ಇದೇ ಮೂಲ. 1826ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಒಟ್ಟೊ ಉನ್‌ಫೆರ್‌ಡೋರ್ಬೆನ್ ಈ ನೀಲಿಯನ್ನೇ ಕಾಯಿಸಿ ಮೊದಲ ಬಾರಿ ಇದನ್ನು ಪಡೆದ. 1897ರ ಹೊತ್ತಿಗೆ ಜರ್ಮನಿಯ ಬಿಎಎಸ್ಎಫ್ ಕಂಪನಿ ನ್ಯಾಫ್ತಲೀನ್‌ನಿಂದ ನೀಲಿಯನ್ನು ಮಾಡಿ ಮಾರತೊಡಗಿತು. ಈಗ ನೈಟ್ರೋಬೆಂಜೀನ್‌ಗೆ ಹೈಡ್ರೋಜನ್ ಕೂಡಿಸಿ ಅನಿಲೀನ್ ತಯಾರಿಸುತ್ತಾರೆ.

ನಮ್ಮ ಕೆಲಸದ ಜೀವಾಳ ಡಯಜೊಟೈಸೇಶನ್, ಅಂದರೆ ಆಮ್ಲ ಮತ್ತು ನೈಟ್ರೈಟ್ ಸೇರಿಸಿ ಅನಿಲೀನನ್ನು ಬಣ್ಣ ಕಟ್ಟಬಲ್ಲ ಡಯಜೋನಿಯಂ ಲವಣವಾಗಿಸುವುದು. ಅದು ನಡೆಯಬೇಕಾದದ್ದು 0ರಿಂದ 5 ಡಿಗ್ರಿಯೊಳಗೆ. ಹೊರಗೆ ಮೇ ತಿಂಗಳ ಬಿಸಿಲು 42 ದಾಟಿರುತ್ತದೆ. ಬೇಸಿಗೆಯಲ್ಲಿ ಬ್ಯಾಚನ್ನು ನಸುಕಿಗೇ ಶುರು ಮಾಡುತ್ತೇನೆ. ವೆಸೆಲ್ಲಿನ ಸುತ್ತಲಿನ ಜಾಕೆಟ್ಟಿನಲ್ಲಿ ತಣ್ಣನೆಯ ಬ್ರೈನ್ (ಉಪ್ಪುನೀರು) ಓಡುತ್ತಿದ್ದರೂ ಅದೊಂದನ್ನೇ ನಂಬದೆ ಐಸನ್ನು ಪುಡಿ ಮಾಡಿ ನೇರವಾಗಿ ವೆಸೆಲ್‌ಗೆ ಸುರಿಯುತ್ತೇನೆ. 93 ಕಿಲೋ ಅನಿಲೀನ್‌ಗೆ 69 ಕಿಲೋ ಸೋಡಿಯಂ ನೈಟ್ರೈಟ್, ಇದು ಲೆಕ್ಕದ ಮಾತು. ಆಮ್ಲದಲ್ಲಿ ಮಾತ್ರ ಜಿಪುಣತನ ಸಲ್ಲದು. ಒಂದು ಮೋಲ್ ಅನಿಲೀನ್‌ಗೆ ಎರಡೂವರೆ ಮೋಲ್ ಹೈಡ್ರೋಕ್ಲೋರಿಕ್ ಆಮ್ಲ ಇಟ್ಟುಕೊಳ್ಳುತ್ತೇನೆ. ಆಮ್ಲ ಕಡಿಮೆ ಬಿದ್ದರೆ ಆಗಲೇ ಹುಟ್ಟಿದ ಡಯಜೋನಿಯಂ ಉಳಿದ ಅನಿಲೀನ್‌ನೊಂದಿಗೇ ಕೂಡಿ ಹಳದಿ ಗಷ್ಟಾಗಿ ಇಳಿಯುತ್ತದೆ. ಹಾಗಾಗಿ ಆಮ್ಲ ಸಾಕಷ್ಟಿದ್ದರೆ ನೀಲಿಯಾಗುವ ಕಾಂಗೋ ರೆಡ್ ಕಾಗದ ನೀಲಿಯಾಗಿಯೇ ಇದೆಯೇ ಎಂದು ನಡುನಡುವೆ ನೋಡಬೇಕು.

ನೈಟ್ರೈಟ್ ದ್ರಾವಣವನ್ನು ಮೇಲಿಂದ ಸುರಿಯುವಂತಿಲ್ಲ. ಕೊಳವೆಯ ತುದಿ ದ್ರವದೊಳಗೆ ಮುಳುಗಿರಬೇಕು, ಹರಿವು ಸಣ್ಣಗಿರಬೇಕು. ಕಡೆಕಡೆಗೆ, ನೈಟ್ರೈಟ್ ಮಿಕ್ಕಿದ್ದರೆ ನೀಲಿಯಾಗುವ ಪಿಷ್ಟ–ಅಯೋಡೈಡ್ ಕಾಗದಕ್ಕೆ ಒಂದು ಹನಿ ಮುಟ್ಟಿಸುತ್ತೇನೆ. ತಟ್ಟನೆ ನೀಲಿಯಾಗಿ, ಕೆಲವು ನಿಮಿಷ ಬಿಟ್ಟು ನೋಡಿದಾಗಲೂ ಹಾಗೆಯೇ ಬಂದರೆ ಕ್ರಿಯೆ ಮುಗಿದಂತೆ. ಮಿಕ್ಕ ನೈಟ್ರೈಟನ್ನು ಸಲ್ಫಾಮಿಕ್ ಆಮ್ಲದಿಂದ ಕೊಲ್ಲುತ್ತೇನೆ. ಶಾಖ ಏರಿತೆಂದರೆ ಸಾರಜನಕದ ಗುಳ್ಳೆ ಏಳುತ್ತದೆ, ಡಯಜೋನಿಯಂ ಒಡೆದು ಫೀನಾಲ್ ಮತ್ತು ಟಾರ್ ಆಗುತ್ತದೆ. ವೆಸೆಲ್ಲಿನ ಅಂಚಿಗೆ ಮೆತ್ತಿದ್ದನ್ನು ಒಣಗಲು ಬಿಡಲೇಬಾರದು, ಒಣಗಿದ ಡಯಜೋನಿಯಂ ಲವಣ ಸಿಡಿಯಬಲ್ಲದು. ತಣ್ಣಗಿರುವಾಗಲೇ ಕ್ಷಾರದಲ್ಲಿ ಕರಗಿಸಿದ ಬೀಟಾ ನ್ಯಾಫ್ತಾಲ್‌ಗೆ ಬಿಟ್ಟರೆ ಕಿತ್ತಳೆಗೆಂಪು ಥಟ್ಟನೆ ಮೂಡುತ್ತದೆ. ಎಷ್ಟು ಸಲ ಕಂಡರೂ ಆ ಗಳಿಗೆ ನನಗೆ ಹಬ್ಬ.

ಕೆಲಸಕ್ಕೆ ಬರುವ ಹುಡುಗರಿಗೆ ಇದೆಲ್ಲಕ್ಕಿಂತ ಮೊದಲು ಹೇಳಿಕೊಡುವುದು ಚರ್ಮದ ವಿಷಯ. ಆಮ್ಲ ಬಿದ್ದರೆ ಉರಿಯುತ್ತದೆ, ಮನುಷ್ಯ ತಾನೇ ನೀರಿಗೆ ಓಡುತ್ತಾನೆ. ಅನಿಲೀನ್ ಹಾಗಲ್ಲ, ಸದ್ದಿಲ್ಲದೆ ಚರ್ಮದೊಳಗೆ ಇಳಿಯುತ್ತದೆ. ರಕ್ತದ ಹಿಮೋಗ್ಲೋಬಿನ್ ಅದರಿಂದ ಮೆಥೆಮೊಗ್ಲೋಬಿನ್ ಆಗಿ ಆಮ್ಲಜನಕ ಹೊರುವುದನ್ನು ಬಿಡುತ್ತದೆ.

"ಸರ, ಈ ಬಿಸಲಾಗ ಇಷ್ಟ ದಪ್ಪ ಹ್ಯಾಂಡ್‌ಗ್ಲೌಸ್ ಹಾಕ್ಕೊಂಡ್ರ ಹ್ಯಾಂಗ್ರೀ?" ಅಂತ ಕೇಳುತ್ತಾರೆ.

"ತಮ್ಮಾ, ಬೆವತ ಮೈಯಾಗ ಅದು ಇನ್ನೂ ಜಲ್ದಿ ಇಳೀತದ," ಅನ್ನುತ್ತೇನೆ.

ಬ್ಯುಟೈಲ್ ರಬ್ಬರಿನ ಗ್ಲೌಸೇ ಬೇಕು. ಲ್ಯಾಬಿನ ತೆಳು ಗ್ಲೌಸ್ ಇಲ್ಲಿ ಸಾಲದು.

ಒಮ್ಮೆ ಹೋಸ್ ಬಿಚ್ಚುವಾಗ ಒಬ್ಬ ಹುಡುಗನ ಚರ್ಮದ ಬೂಟಿನ ಮೇಲೆ ಒಂದಿಷ್ಟು ಚೆಲ್ಲಿತು. "ಏನೂ ಆಗಿಲ್ರೀ ಸರ, ಉರೀನೂ ಇಲ್ಲ," ಅಂದ. ಅಲ್ಲೇ ಬೂಟು, ಸಾಕ್ಸು, ಪ್ಯಾಂಟು ಬಿಚ್ಚಿಸಿ, ಶವರ್ ಕೆಳಗೆ ನಿಲ್ಲಿಸಿ ಸಾಬೂನು ಹಚ್ಚಿ ತೊಳೆಸಿದೆ. ಮನೆಗೆ ಕಳಿಸಲಿಲ್ಲ, ಲಕ್ಷಣ ಗಂಟೆಗಟ್ಟಲೆ ತಡವಾಗಿಯೂ ಕಾಣಿಸಬಹುದು. ಮಧ್ಯಾಹ್ನ ಕಳೆದ ಮೇಲೆ ತಲೆನೋವು ಶುರುವಾಯಿತು, ತುಟಿ ನೀಲಿಗಟ್ಟಿತು. ಯಾದಗಿರಿಗೆ ಕರೆದೊಯ್ದು ಸುರಕ್ಷತಾ ಹಾಳೆಯನ್ನು ಡಾಕ್ಟರ ಕೈಗಿತ್ತು, "ಅನಿಲೀನ್ ರೀ, ಚರ್ಮದಿಂದ ಹೋಗ್ಯದ," ಅಂದೆ. ಹೆಸರು ಹೇಳುವುದು ಅತಿಮುಖ್ಯ, ಏಕೆಂದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಂಥ ರಕ್ತದಲ್ಲಿ ಸರಿಯಾದ ಅಂಕಿ ತೋರಿಸುವುದಿಲ್ಲ. ಆಮ್ಲಜನಕ ಕೊಟ್ಟರು, ಹುಡುಗ ಚೇತರಿಸಿಕೊಂಡ. ಪರಿಣಾಮ ಹೆಚ್ಚಾಗಿದ್ದರೆ ಮೆಥಿಲೀನ್ ಬ್ಲೂ ಕೊಡುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಅದೇ ಔಷಧ ಅಪಾಯ, ಹಾಗಾಗಿ ಆ ತೀರ್ಮಾನ ಡಾಕ್ಟರದೇ. ಬೂಟನ್ನು ಅಪಾಯಕಾರಿ ಕಸಕ್ಕೆ ಹಾಕಿಸಿ ಹೊಸದು ಕೊಡಿಸಿದೆ. ಚರ್ಮದ ಬೂಟು ಹೀರಿದ ಅನಿಲೀನ್ ತೊಳೆದರೆ ಹೋಗುವುದಿಲ್ಲ. ಅಂದಿನಿಂದ ಡ್ರಮ್ಮಿನ ಹತ್ತಿರ ರಬ್ಬರ್ ಗಂಬೂಟು ಬಿಟ್ಟರೆ ಬೇರೆ ಯಾವುದಕ್ಕೂ ಪ್ರವೇಶವಿಲ್ಲ.

ಖಾಲಿ ಡ್ರಮ್ಮಿನ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ನೀರಿನ ತತ್ವಾರದ ಊರುಗಳಿವು. "ಸರ, ನೀರ್ ತುಂಬ್ಲಿಕ್ಕ ಒಂದು ಕೊಡ್ರಿ, ಕ್ವಾಸ್ಟಿಕ್ ಹಾಕಿ ತಿಕ್ಕೀವಿ," ಎಂದು ಗೇಟಿಗೇ ಬಂದು ಕೇಳುತ್ತಾರೆ. ಕೇಳುವವರಲ್ಲಿ ತಪ್ಪಿಲ್ಲ. ಆದರೆ ಅನಿಲೀನ್ ಒಂದು ಲೀಟರ್ ನೀರಿನಲ್ಲಿ ಸುಮಾರು 36 ಗ್ರಾಂವರೆಗೆ ಕರಗುತ್ತದೆ. ತಳದಂಚಿನ ಸಂದಿಯಲ್ಲಿ ಉಳಿದದ್ದು ಮೇಲೆ ತೇಲದೆ ನೀರಿನಲ್ಲಿ ಸೇರಿಹೋಗುತ್ತದೆ, ಕಣ್ಣಿಗೂ ಕಾಣುವುದಿಲ್ಲ. ತೆಳು ಆಮ್ಲದಲ್ಲಿ ಡ್ರಮ್ ತೊಳೆಸಿ, ಆ ನೀರನ್ನು ಇಟಿಪಿಗೆ (ತ್ಯಾಜ್ಯನೀರು ಶುದ್ಧೀಕರಣ ಘಟಕಕ್ಕೆ) ಬಿಟ್ಟು, ತಳಕ್ಕೂ ಪಕ್ಕಕ್ಕೂ ನನ್ನೆದುರೇ ತೂತು ಹೊಡೆಸುತ್ತೇನೆ. ಆಮೇಲೆ ಪರವಾನಗಿ ಇರುವ ಮರುಬಳಕೆಯವರ ಗಾಡಿ ಬಂದಾಗ ಎಣಿಸಿ ಹತ್ತಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತೇನೆ.