ಎಎಸಿ ಬ್ಲಾಕ್ ಗೋಡೆಯ ತೂತಿಗೆ ಬ್ಲಾಕನ್ನೇ ತುಂಬಿ

ತುಮಕೂರಿನಲ್ಲಿ ನಾವೇ ಮುಂದೆ ನಿಂತು ಮನೆ ಕಟ್ಟಿಸುತ್ತಿದ್ದೇವೆ. ಹೊರಗೋಡೆಗೆಲ್ಲ 8 ಇಂಚಿನ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕ್. ಸಾರುವೆ ಬಿಚ್ಚಿದ ಮೇಲೆ ಪಶ್ಚಿಮದ ಗೋಡೆಯಲ್ಲಿ ಕಂಬ ಕೂತಿದ್ದ ಕಡೆ ಮುಷ್ಟಿ ಹೋಗುವಷ್ಟು ತೂತು ಉಳಿಯಿತು. ಮೇಸ್ತ್ರಿ ಇಟ್ಟಿಗೆ ಚೂರು ತುರುಕಿ ಸಿಮೆಂಟ್ ಮೆತ್ತಲು ಹೊರಟರು. ನಾನು ಬೇಡ ಅಂದೆ.

ಈ ಬ್ಲಾಕಿನೊಳಗಿನ ಸಣ್ಣ ಸಣ್ಣ ಗಾಳಿಗುಳ್ಳೆಗಳೇ ಬಿಸಿಲಿನ ಕಾವನ್ನು ತಡೆಯುವುದು. ಅಲ್ಲಿ ಗಟ್ಟಿ ಸಿಮೆಂಟ್ ಕೂತರೆ ಕಾವು ಆ ಜಾಗದಿಂದಲೇ ಒಳಗೆ ಇಳಿಯುತ್ತದೆ. ಇನ್ನೊಂದು ತೊಂದರೆಯೂ ಇದೆ. ಒಣ ಬ್ಲಾಕ್ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಗಾರೆ ಕುಗ್ಗಿ ಸುತ್ತ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಅಲ್ಲೇ ನೀರು ಜಿನುಗುತ್ತದೆ.

ಮೊದಲು ತೂತನ್ನು ಚೌಕ ಮಾಡಿ. ಕಿರಿದಾದ ಗರಗಸ ಸಾಕು. ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಆಚೆ ಬದಿ ಸಿಡಿದು ತೂತು ದೊಡ್ಡದಾಗುತ್ತದೆ. ಪುಡಿ ಜಾಸ್ತಿ ಏಳುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಸೈಟಿನಲ್ಲಿ ಬಿದ್ದಿರುವ ತುಂಡು ಬ್ಲಾಕಿನಲ್ಲಿ ಅದೇ ಅಳತೆಯ ಚೂರು ಕೊಯ್ಯಿರಿ, ಪ್ರತಿ ಬದಿಗೂ 3 ಮಿಲಿಮೀಟರ್ ಬಿಟ್ಟು.

ಕೆಲಸ ಗಟ್ಟಿಯಾಗಿ ಉಳಿಯುವುದು, ಕೆಡುವುದು ಎರಡೂ ಪುಡಿಯನ್ನು ಎಷ್ಟು ತೆಗೆದಿರಿ ಎಂಬುದರ ಮೇಲೆ. ತೂತಿನೊಳಗೆ ಬ್ರಷ್ ಆಡಿಸಿ, ಆಮೇಲೆ ಬೆರಳಿನಿಂದ ಒರೆಸಿ ನೋಡಿ. ಬೆರಳಿಗೆ ಬಿಳಿ ಹಿಟ್ಟು ಅಂಟಿದರೆ ಮತ್ತೆ ಬ್ರಷ್ ಮಾಡಿ. ಪುಡಿಯ ಮೇಲೆ ಹಚ್ಚಿದ ಅಂಟು ಪುಡಿಗೆ ಹಿಡಿಯುತ್ತದೆಯೇ ಹೊರತು ಬ್ಲಾಕಿಗಲ್ಲ. ನಂತರ ಒದ್ದೆ ಬ್ರಷ್‌ನಿಂದ ಸ್ವಲ್ಪ ತೇವ ಮಾಡಿ. ನೀರು ಸುರಿಯಬೇಡಿ.

ಬ್ಲಾಕ್ ಕಟ್ಟಲು ತಂದ ಅಂಟನ್ನೇ ಕಲಸಿ, ತೂತಿಗೂ ಚೂರಿಗೂ ನಾಲ್ಕು ಬದಿ ಹಚ್ಚಿ. ಸಂದಿನಿಂದ ಅಂಟು ಉಕ್ಕಿ ಬರುವವರೆಗೆ ಚೂರನ್ನು ಕೈಯಲ್ಲೇ ಒತ್ತಿ. ಮಾರನೇ ದಿನದವರೆಗೆ ಮುಟ್ಟಬೇಡಿ. ಪ್ಲಾಸ್ಟರ್‌ಗೆ ಮುಂಚೆ ಸಂದಿನ ಮೇಲೆ ಫೈಬರ್ ಮೆಶ್ (ನಾರಿನ ಬಲೆ) ಹಾಕಿ, ಸುತ್ತ 3–4 ಇಂಚು ಆಚೆಗೂ ಬರಲಿ.

ಮೊಳೆ, ಸ್ಕ್ರೂ ತೂತುಗಳಿಗೆ ಇಷ್ಟೆಲ್ಲ ಬೇಡ. ಕೊಯ್ದಾಗ ಬಿದ್ದ ಪುಡಿಯನ್ನು ಅಂಟಿಗೆ ಕಲಸಿ ತುಂಬಿದರೆ ಆಯಿತು. ಎಸಿ ಪೈಪ್ ಹಾದುಹೋಗುವ ತೂತಾದರೆ ಪೈಪನ್ನು ಹೊರಗಡೆಗೆ ಇಳಿಜಾರಾಗಿ ಕೂರಿಸಿ, ಸುತ್ತ ಪಿಯು ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ) ತುಂಬಿ. ಫೋಮ್ ಬಿಸಿಲಿಗೆ ಹಾಳಾಗುತ್ತದೆ, ಹೊರಗಡೆ ಮುಚ್ಚಲೇಬೇಕು. ತೂತು ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ) ಕೂತಿರುವ ಜಾಗದಲ್ಲೇ ಇದ್ದರೆ ಮಾತ್ರ ಇಂಜಿನಿಯರ್‌ಗೆ ತೋರಿಸದೆ ಕೈ ಹಾಕಬೇಡಿ.