ಉದ್ದದ ಫ್ರೆಂಚ್ ಪದವನ್ನು ನಾನು ಬಾಲದಿಂದ ಓದುವ ರೀತಿ

'ಸಂವಿಧಾನಕ್ಕೆ ವಿರುದ್ಧವಾಗಿ' ಎನ್ನಲು ಫ್ರೆಂಚಿನಲ್ಲಿ 25 ಅಕ್ಷರಗಳ ಒಂದು ಪದವಿದೆ: anticonstitutionnellement. ಕಾಗದದ ಮೇಲೆ ಅಷ್ಟುದ್ದ, ಬಾಯಲ್ಲಿ ಎಂಟೇ ತುಂಡು: ಆಂ-ತಿ-ಕೊಂಸ್-ತಿ-ತ್ಯು-ಸ್ಯೊ-ನೆಲ್-ಮಾಂ.

ಮೊದಲು ಪೆನ್ಸಿಲ್‌ನಲ್ಲಿ ಸ್ವರಗಳ ಕೆಳಗೆ ಚುಕ್ಕೆ ಇಡುತ್ತೇನೆ. ಒ-ಯು (ou), ಎ-ಐ (ai), ಇ-ಎ-ಯು (eau) ಹೀಗೆ ಕೂಡಿ ಒಂದೇ ಸ್ವರವಾಗುವ ಗುಂಪಿಗೆ ಒಂದೇ ಚುಕ್ಕೆ. ಎರಡು ಚುಕ್ಕೆಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ತುಂಡಿಗೆ. ಎರಡಿದ್ದರೆ ಸೀಳುತ್ತೇನೆ, ಆದರೆ ಎರಡನೆಯದು ಎಲ್ ಅಥವಾ ಆರ್ ಆಗಿದ್ದರೆ ಸಾಮಾನ್ಯವಾಗಿ ಜೋಡಿ ಒಡೆಯುವುದಿಲ್ಲ: ತಾ-ಬ್ಲೊ. ನಮ್ಮ 'ಪತ್ರ'ದಲ್ಲಿ ತ್ರ ಒಟ್ಟಿಗೆ ಕೂರುವ ಹಾಗೆಯೇ, ಆದರೆ ಛಂದಸ್ಸಿನ ಅಭ್ಯಾಸದಿಂದ ಹಿಂದಿನದನ್ನು ಗುರು ಮಾಡಬಾರದು.

ಕನ್ನಡದ ಬಾಯಿ ಹೆಚ್ಚು ಎಡವುವುದು ಅನುಸ್ವಾರದಲ್ಲಿ. 'ಅಂತ' ಎಂದು ಹೇಳಿ ನೋಡಿ: ತ ಬರುವ ಮೊದಲೇ ನಾಲಿಗೆ ಹಲ್ಲಿಗೆ ತಾಗಿ ನ್ ಹುಟ್ಟುತ್ತದೆ. ಫ್ರೆಂಚಿನ ಆಂ-ತಿಯಲ್ಲಿ ಆ ನ್ ಇಲ್ಲವೇ ಇಲ್ಲ. ಉಸಿರು ಮೂಗಿನಲ್ಲೂ ಹೋಗುತ್ತಿರಬೇಕು, ನಾಲಿಗೆ ಕೆಳಗೇ ಮಲಗಿರಬೇಕು, ತಿ ಬಂದಾಗ ಮಾತ್ರ ಏಳಬೇಕು. ಕನ್ನಡಿಯ ಮುಂದೆ 'ಆಂ' ಎಂದು ಎಳೆದು ನಿಲ್ಲಿಸಿ; ಕೊನೆಗೆ ನಾಲಿಗೆ ಮೇಲೆ ಹೋದರೆ ತಪ್ಪು.

ಎನ್ ಎರಡು ಬಂದರೆ, ಅಥವಾ ಎನ್ ನಂತರ ಸ್ವರ ಬಂದರೆ, ಮೂಗಿನ ಸ್ವರ ಸಾಮಾನ್ಯವಾಗಿ ಕರಗುತ್ತದೆ: ನಾ-ಸ್ಯೊಂ, ಆದರೆ ನಾ-ಸ್ಯೊ-ನಾಲ್. ದ್ವಿತ್ವವನ್ನು 'ಹಳ್ಳಿ'ಯ ಹಾಗೆ ಒತ್ತಬೇಡಿ. ನಮ್ಮ ಉದ್ದ ಪದದ ಬರಹದಲ್ಲಿ ಎರಡು ಎನ್, ಬಾಯಲ್ಲಿ ಒಂದೇ ನ.

ಟಿ-ಐ-ಒ-ಎನ್ ಸಾಲಿನಲ್ಲಿ ಐಗೆ ಚುಕ್ಕೆ ಇಲ್ಲ, ಅದು ಯ ಆಗುತ್ತದೆ, ಟಿ ಸ ಆಗುತ್ತದೆ. ಮುಂಚೆ ಎಸ್ ಇದ್ದರೆ ಟಿ ತನ್ನ ಸ್ವರೂಪದಲ್ಲೇ ಉಳಿಯುತ್ತದೆ: ಕೆಸ್-ತ್ಯೊಂ. ಹೀಗೆ ಉಳಿಯುವ ಟಿಯನ್ನು ನಮ್ಮ ತ ಎಂದೇ ನುಡಿಯಿರಿ, ಟ ಬೇಡ. ಇಂಗ್ಲಿಷ್ ಮನೆಮಾತಿನವರಿಗಿಂತ ನಮಗೆ ಇದು ಸುಲಭ. 'ತ್ಯು' ಎಂದು ಬರೆದದ್ದು ಬೇರೆ ಅಕ್ಷರ ಸಿಗದೆ: ತುಟಿ ಊಗೆ ಸುತ್ತಿ, ಒಳಗೆ ಈ ಹೇಳಬೇಕು.

ಪದದ ನಡುವಿನ ಬಲಹೀನ 'ಇ' ಅಕ್ಷರ (e) ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ: 'ಈಗ' ಎಂಬ ಪದ ಮೆಂತ್-ನಾಂ. ಆದರೆ ಮೂರು ವ್ಯಂಜನ ಗುದ್ದಾಡುವಲ್ಲಿ ಉಳಿಯುತ್ತದೆ: ಆ-ಪಾರ್-ತ-ಮಾಂ.

ಆಮೇಲೆ ಹಿಂದಿನಿಂದ ಕಟ್ಟುತ್ತೇನೆ: ಮಾಂ. ನೆಲ್-ಮಾಂ. ಸ್ಯೊ-ನೆಲ್-ಮಾಂ. ಬಿಡಿಯಾಗಿ ಹೇಳಿದ ಪದದ ಒತ್ತು ಕೊನೆಯ ತುಂಡಿಗೆ ಬೀಳುವುದರಿಂದ, ಹೀಗೆ ಕಟ್ಟಿದರೆ ಒತ್ತು ಜಾರುವುದಿಲ್ಲ. ಪ್ರತಿ ಹಂತವನ್ನೂ ಐದು ಸಲ, ಮೇಜಿನ ಮೇಲೆ ಬೆರಳು ತಟ್ಟುತ್ತಾ. ತಟ್ಟುಗಳ ಅಂತರ ಸಮವಾಗಿರಬೇಕು, ಕೊನೆಯದು ಮಾತ್ರ ತುಸು ಉದ್ದ.